14 ವರ್ಷ, 160 ಸೆಂ.ಮೀ., 41 ಕೆಜಿ: ಹಾಕಿ ಆಡುವ ಹುಡುಗನಿಗೆ ತೂಕ ಹಾಕಿಸಲೇಬೇಕಾ?

ಪೊನ್ನಂಪೇಟೆ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 14 ತುಂಬಿದೆ. ಲೆಫ್ಟ್ ಹಾಫ್ ಆಡುತ್ತಾನೆ. ಹೋದ ವರ್ಷ ಈ ಹೊತ್ತಿಗೆ 152 ಸೆಂಟಿಮೀಟರ್ ಇದ್ದ, ಈಗ 160. ತೂಕ ಮಾತ್ರ 38ರಿಂದ 41ಕ್ಕೆ ಬಂದು ನಿಂತಿದೆ. ಕ್ರೀಡಾ ಹಾಸ್ಟೆಲ್ ಟ್ರಯಲ್ಸ್ ಹತ್ತಿರ ಬರ್ತಾ ಇದೆ. ಕೋಚ್ ಒಬ್ಬರು ಅವನ ಆಟ ನೋಡಿ, "ಬಾಲ್ ಕಂಟ್ರೋಲ್ ಚೆನ್ನಾಗಿದೆ, ಆದರೆ ಮೈಯಲ್ಲಿ ಏನೂ ಇಲ್ಲ. ಐದಾರು ಕೆಜಿ ಹಾಕಿಸಿಕೊಂಡು ಬನ್ನಿ" ಎಂದರು. ಅಂಗಡಿಯಲ್ಲಿ ಕೇಳಿದರೆ ತೂಕ ಹೆಚ್ಚಿಸುವ ಪುಡಿಯ ದೊಡ್ಡ ಡಬ್ಬ ತೋರಿಸಿದರು. ಬೆಲೆ ಕೇಳಿ ವಾಪಸ್ ಬಂದೆ. ಆದರೆ ಮಗ ಬಿಡ್ತಾ ಇಲ್ಲ, ಅವನ ಜೊತೆಯವರು ಕುಡಿಯುತ್ತಾರಂತೆ.

ಊಟದಲ್ಲಿ ಅವನು ಕಡಿಮೆ ಇಲ್ಲ. ಹುಷಾರಾಗಿದ್ದಾನೆ, ಓಡುತ್ತಾನೆ. ನನಗೆ ಗೊತ್ತಾಗಬೇಕಿರುವುದು ಇಷ್ಟೇ: ಇದು ನಿಜವಾಗಿ ತೊಂದರೆಯಾ? ತೊಂದರೆ ಆದರೆ ಏನು ಕೊಡಬೇಕು?

ನಾಪೋಕ್ಲು ಎಕ್ಸ್‌ಪ್ರೆಸ್
ಪುಡಿ ಬೇಡ ಅಕ್ಕ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬಟ್ಟು (ಅಕ್ಕಿ ಕಡುಬು) ಕೊಡಿ. ಮುಗೀತು.

ಫುಲ್‌ಬ್ಯಾಕ್
ಕೋಚ್ ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಹದಿನೈದು ವರ್ಷ ಡಿಫೆನ್ಸ್‌ನಲ್ಲಿ ಆಡಿದವನು. 41 ಕೆಜಿ ಹುಡುಗನ ಮೇಲೆ 58 ಕೆಜಿ ಹುಡುಗ ಭುಜ ಕೊಟ್ಟು ಬಂದರೆ ಏನಾಗುತ್ತದೆ ಅಂತ ಗ್ರೌಂಡಲ್ಲಿ ನಿಂತು ನೋಡಿದ್ದೇನೆ. ಟರ್ಫ್ ಮೇಲೆ ಆಟದ ವೇಗ ಜಾಸ್ತಿ. ಟ್ಯಾಕಲ್ ಮಾಡುವಾಗ ಕೆಳಗೆ ಕೂತು ಸ್ಟಿಕ್ ಗಟ್ಟಿ ಹಿಡಿಯಬೇಕು. ತೊಡೆಯಲ್ಲಿ, ಸೊಂಟದಲ್ಲಿ ಬಲ ಇಲ್ಲದವನ ಸ್ಟಿಕ್ ಹಾರಿ ಹೋಗುತ್ತದೆ. ಮಗುವಿಗೆ ಬೇಜಾರಾಗಬಾರದು ಅಂತ ಇದನ್ನು ಮುಚ್ಚಿಡಬಾರದು.

ಸೋಮವಾರಪೇಟೆ ಸ್ಟಿಕ್
ಫುಲ್‌ಬ್ಯಾಕ್ ಅಣ್ಣ, ಭಾರತ ತಂಡದಲ್ಲಿ ಆಡಿದ ನಮ್ಮೂರಿನ ಎಸ್.ವಿ. ಸುನಿಲ್ ಅವರನ್ನು ಮರೆತ್ರಾ? ಸಣ್ಣ ಮೈ. ಆದರೆ ರೈಟ್‌ನಲ್ಲಿ ಬಾಲ್ ತಗೊಂಡು ಹೊರಟರೆ ಹಿಡಿಯುವವರೇ ಇರಲಿಲ್ಲ. 2016ರಲ್ಲಿ ಏಷ್ಯಾದ ವರ್ಷದ ಆಟಗಾರ ಆದರು. ಅದೇ ತಂಡದಲ್ಲಿ ನಮ್ಮ ಕೊಡಗಿನವರೇ ಆದ ವಿ.ಆರ್. ರಘುನಾಥ್ ಇದ್ದರು. ಅಷ್ಟೆತ್ತರ, ಅಗಲವಾದ ಭುಜ, ಡ್ರ್ಯಾಗ್ ಫ್ಲಿಕ್ ಹೊಡೆದರೆ ಬಲೆ ನಡುಗುತ್ತಿತ್ತು. ಇಬ್ಬರೂ ಲಂಡನ್ ಮತ್ತು ರಿಯೋ ಒಲಿಂಪಿಕ್ಸ್ ಆಡಿದವರು. ಹಾಕಿಗೆ ಒಂದೇ ಮೈಕಟ್ಟು ಬೇಕು ಅಂತ ಎಲ್ಲಿದೆ?

ಫುಲ್‌ಬ್ಯಾಕ್
ಸುನಿಲ್ ಸಣ್ಣ ಇದ್ದರು, ಬಲ ಇಲ್ಲದೆ ಇರಲಿಲ್ಲ. ನಾನು ಹೇಳ್ತಾ ಇರೋದು ಬಲದ ಬಗ್ಗೆ.

ಸೋಮವಾರಪೇಟೆ ಸ್ಟಿಕ್
ಹಾಗಾದರೆ ಬಲ ಅನ್ನಿ, ತೂಕ ಅನ್ನಬೇಡಿ. ಕೋಚ್ ಕೇಳಿದ್ದು ಕೆಜಿ ಲೆಕ್ಕ. ಹೊಟ್ಟೆಯಲ್ಲಿ ಐದು ಕೆಜಿ ಬಂದರೂ ಅವರಿಗೆ ಸಮಾಧಾನವಾ?

ಮಕ್ಕಳ ಡಾಕ್ಟರ್, ಮೈಸೂರು
ನಾನು ಮೂಲತಃ ವಿರಾಜಪೇಟೆ ಕಡೆಯವನು, ಈಗ ಮೈಸೂರಿನಲ್ಲಿ ಮಕ್ಕಳ ವೈದ್ಯ. ಆ ತಾಯಿ ಕೊಟ್ಟ ಅಂಕಿಗಳನ್ನೇ ಸ್ವಲ್ಪ ನೋಡೋಣ.

ಒಂದು ವರ್ಷದಲ್ಲಿ 8 ಸೆಂಟಿಮೀಟರ್. ಇದು ಹದಿಹರೆಯದ ಜೋರು ಬೆಳವಣಿಗೆ. ಹುಡುಗರಲ್ಲಿ ಇದು ಹೆಚ್ಚಾಗಿ 13-14ರ ಸುಮಾರಿಗೆ ಬರುತ್ತದೆ, ಹುಡುಗಿಯರಲ್ಲಿ 11-12ಕ್ಕೇ ಬಂದಿರುತ್ತದೆ. ಅತಿ ಜೋರಾಗಿ ಬೆಳೆಯುವ ವರ್ಷ ಹುಡುಗರು 9-10 ಸೆಂಟಿಮೀಟರ್ ಏರುವುದೂ ಉಂಟು. ಈ ಬೆಳವಣಿಗೆಗೆ ಒಂದು ಕ್ರಮ ಇದೆ. ಮೊದಲು ಕೈಕಾಲು ಉದ್ದ ಆಗುತ್ತದೆ, ಆಮೇಲೆ ಬೆನ್ನು. ಮಾಂಸಖಂಡ ತುಂಬಿಕೊಳ್ಳುವುದು ಅದಾದ ಮೇಲೆ, ಕೆಲವು ತಿಂಗಳಿಂದ ಒಂದು ವರ್ಷದಷ್ಟು ತಡವಾಗಿ. ಅಂದರೆ ಈ ಹುಡುಗ ಈಗ ನೋಡಲು ಕಡ್ಡಿಯ ಹಾಗೆ ಇರಲೇಬೇಕು.

ಎರಡನೆಯದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ. 41 ಕೆಜಿ, 160 ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ 16 ಬರುತ್ತದೆ. ಮೊಬೈಲ್‌ನಲ್ಲಿ ಹಾಕಿ ನೋಡಿದವರು ಹೆದರುತ್ತಾರೆ, ಯಾಕೆಂದರೆ ದೊಡ್ಡವರಿಗೆ 18.5ಕ್ಕಿಂತ ಕೆಳಗೆ ಇದ್ದರೆ ಕಡಿಮೆ ತೂಕ. ಮಕ್ಕಳಿಗೆ ಆ ಗೆರೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಯಸ್ಸುವಾರು ಪಟ್ಟಿಯಲ್ಲಿ 14 ವರ್ಷದ ಹುಡುಗನಿಗೆ ತೀರಾ ತೆಳು ಅನ್ನುವ ಗೆರೆ ಇರುವುದು ಸುಮಾರು 15.5ರ ಹತ್ತಿರ. ಇವನು ಅದರ ಮೇಲಿದ್ದಾನೆ. ಸಣ್ಣಗಿದ್ದಾನೆ, ಆದರೆ ಕಾಯಿಲೆಯ ಲಕ್ಷಣ ಅಲ್ಲ.

ನಾನು ಯೋಚನೆ ಮಾಡುವುದು ಯಾವಾಗ ಅಂದರೆ, ತೂಕ ಏರುವುದು ಬಿಟ್ಟು ಇಳಿಯತೊಡಗಿದಾಗ. ಎತ್ತರವೂ ನಿಂತುಹೋದಾಗ. ಸದಾ ಸುಸ್ತು, ಪದೇ ಪದೇ ಜ್ವರ, ಬೇಧಿ, ಜಾಸ್ತಿ ಬಾಯಾರಿಕೆ ಇದ್ದಾಗ. ಅಂಥದ್ದೇನೂ ಇಲ್ಲ ಅಂದರೆ ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಡಿ. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಗೆರೆ ಯಾವ ಕಡೆ ಹೋಗ್ತಾ ಇದೆ ಅನ್ನುವುದನ್ನು ನೋಡಬೇಕು.

ಪೊನ್ನಂಪೇಟೆ ಅಮ್ಮ
ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಯಾವ ತೊಂದರೆಯೂ ಇಲ್ಲ. ಮೊಣಕಾಲಿನ ಕೆಳಗೆ ನೋವು ಅಂತ ಆಗಾಗ ಹೇಳ್ತಾನೆ ಅಷ್ಟೆ. ಇವರಪ್ಪ 170, ನಾನು 158. ಇವನು ಎಷ್ಟಾಗಬಹುದು?

ಮಕ್ಕಳ ಡಾಕ್ಟರ್, ಮೈಸೂರು
ಹುಡುಗರಿಗೆ ಅಪ್ಪ-ಅಮ್ಮನ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸುತ್ತೇವೆ. ಹುಡುಗಿಯರಿಗೆ 13 ಕಳೆಯುತ್ತೇವೆ. ನಿಮ್ಮ ಮಗನಿಗೆ 170.5 ಬಂತು. ಆಚೆ ಈಚೆ 8-9 ಸೆಂಟಿಮೀಟರ್ ವ್ಯತ್ಯಾಸ ಆಗಬಹುದು. ಅಂದಾಜು ಅಷ್ಟೇ, ಆದರೆ ಇನ್ನೂ ಬೆಳೆಯುವುದಿದೆ ಅನ್ನುವುದು ಖಚಿತ.

ಫಿಸಿಯೋ ಅಕ್ಕ
ಮೊಣಕಾಲಿನ ಕೆಳಗೆ ನೋವು ಅಂದ್ರಲ್ಲ, ತೂಕದ ಮಾತು ಬಿಟ್ಟು ಮೊದಲು ಅದನ್ನು ನೋಡಿ. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ಮೂಳೆ ಉಬ್ಬಿದೆಯಾ? ಬೆರಳಿಟ್ಟು ಒತ್ತಿದರೆ ನೋವಾಗುತ್ತದಾ? ಹೌದು ಅಂದರೆ ಆಸ್‌ಗುಡ್-ಶ್ಲಾಟರ್ ಇರಬಹುದು. ಹೆಸರು ಕೇಳಿ ಹೆದರಬೇಡಿ. ಮೂಳೆ ಬೇಗ ಉದ್ದ ಆಗ್ತಾ ಇರುವಾಗ ತೊಡೆಯ ಸ್ನಾಯು ಅದು ಅಂಟಿಕೊಂಡ ಜಾಗವನ್ನು ಎಳೆಯುತ್ತದೆ. ಆ ಜಾಗದ ಮೂಳೆ ಈ ವಯಸ್ಸಿಗೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಓಡಿ, ಕೂತು, ಎದ್ದು ಮಾಡುವ ಆಟಗಳಲ್ಲಿ ಇದು ಸಾಮಾನ್ಯ. ಇನ್ನೂ ಸ್ವಲ್ಪ ಚಿಕ್ಕ ಮಕ್ಕಳಲ್ಲಿ ಇದೇ ತರಹದ ನೋವು ಹಿಮ್ಮಡಿಯಲ್ಲಿ ಬರುತ್ತದೆ.

ಬೆಳವಣಿಗೆ ಮುಗಿದ ಮೇಲೆ ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಅಲ್ಲಿವರೆಗೆ ನೋವಿದ್ದ ದಿನ ಓಟ, ಜಿಗಿತ ಕಡಿಮೆ ಮಾಡಿ, ಆಡಿದ ಮೇಲೆ ಐಸ್ ಇಡಿ, ತೊಡೆಯ ಮುಂದಿನ ಹಿಂದಿನ ಸ್ನಾಯುಗಳನ್ನು ಮೆಲ್ಲಗೆ ಹಿಗ್ಗಿಸುವ ವ್ಯಾಯಾಮ ಮಾಡಿಸಿ. ಆಟ ಪೂರ್ತಿ ನಿಲ್ಲಿಸಬೇಕಾಗಿಲ್ಲ. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಊತ, ಕುಂಟುವುದು ಇದ್ದರೆ ತಡ ಮಾಡದೆ ತೋರಿಸಿ.

ಈಗ ಈ ಮಂಡಿಯ ಮೇಲೆ ಅವಸರದಲ್ಲಿ ಐದಾರು ಕೆಜಿ ಹೇರಿದರೆ ಯಾರಿಗೆ ಲಾಭ, ಹೇಳಿ?

ಕಾಫಿ ತೋಟ
ನಮ್ಮ ಕಾಲದಲ್ಲಿ ಈ ಯಾವ ಹೆಸರೂ ಇರಲಿಲ್ಲ. ಕಾಫಿ ಕೊಯ್ಲಿನಲ್ಲಿ ಮೂಟೆ ಹೊತ್ತೆವು, ಗುಡ್ಡ ಹತ್ತಿ ಶಾಲೆಗೆ ನಡೆದೆವು, ಸಂಜೆ ಮಣ್ಣಿನ ಗ್ರೌಂಡಲ್ಲಿ ಆಡಿದೆವು. ಬಲ ತಾನಾಗೇ ಬಂತು. ಈಗಿನ ಮಕ್ಕಳನ್ನು ಗೇಟ್‌ವರೆಗೂ ಜೀಪಲ್ಲಿ ಬಿಡುತ್ತಾರೆ. ಆಮೇಲೆ ಡಬ್ಬ ಹುಡುಕುತ್ತಾರೆ.

ಸಿದ್ದಾಪುರ ಅಪ್ಪ
ಅಣ್ಣ, ಜೀಪಲ್ಲಿ ಬಿಡದೆ ಏನು ಮಾಡೋದು? ನಮ್ಮ ಕಡೆ ಸಂಜೆ ಆರರ ಮೇಲೆ ತೋಟದೊಳಗೆ ಆನೆ. ಮಗಳ ಪ್ರಾಕ್ಟೀಸ್ ಮುಗಿಯುವ ಮುಂಚೆಯೇ ಕರೆದುಕೊಂಡು ಬರಬೇಕು. ಬೆಳಿಗ್ಗೆ ಮಂಜಿನಲ್ಲಿ ಬಸ್ಸಿಗೆ ನಿಲ್ಲಿಸೋಕೂ ಹೆದರಿಕೆ. ನಮಗೂ ನಡೆಸಬೇಕು ಅಂತ ಆಸೆ ಇಲ್ವಾ?

ಕಾಫಿ ತೋಟ
ಅದು ನಿಜ. ಆನೆ ವಿಷಯದಲ್ಲಿ ನಾನು ಏನೂ ಹೇಳಲ್ಲ. ನಮ್ಮ ತೋಟಕ್ಕೂ ಬರುತ್ತವೆ.

ಫಿಸಿಯೋ ಅಕ್ಕ
ಮೂಟೆ ಹೊರಿಸಬೇಡಿ ಅಣ್ಣ. ಕಾಫಿ ಮೂಟೆ 50 ಕೆಜಿ ಇರುತ್ತದೆ, ಆ ಹುಡುಗನೇ 41. ಹಾಗಂತ "ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ" ಅನ್ನುವ ಮಾತೂ ಸರಿ ಅಲ್ಲ. ಸರಿಯಾಗಿ ಹೇಳಿಕೊಡುವವರು ಪಕ್ಕದಲ್ಲಿ ಇದ್ದು, ಕಡಿಮೆ ಭಾರದಿಂದ ಶುರು ಮಾಡಿದರೆ ಈ ವಯಸ್ಸಿಗೆ ಸ್ಟ್ರೆಂತ್ ಟ್ರೈನಿಂಗ್ ಒಳ್ಳೆಯದೇ. ಗಾಯಗಳೂ ಕಡಿಮೆ ಆಗುತ್ತವೆ. ಮೊದಲು ಸ್ವಂತ ಮೈಭಾರದ ಸ್ಕ್ವಾಟ್, ಲಂಜ್, ಪುಷ್‌ಅಪ್, ಪ್ಲ್ಯಾಂಕ್ ಚೊಕ್ಕವಾಗಿ ಬರಲಿ. ವಾರಕ್ಕೆ ಎರಡು ಮೂರು ಸಲ ಸಾಕು. ಫುಲ್‌ಬ್ಯಾಕ್ ಅವರು ಕೇಳಿದ ತೊಡೆಯ ಬಲ ಇದರಿಂದ ಬರುತ್ತದೆ, ಪುಡಿಯಿಂದ ಅಲ್ಲ.

ಫುಲ್‌ಬ್ಯಾಕ್
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಗೋಣಿಕೊಪ್ಪ ಗೋಲಿ
ನಾನು ಗೋಲ್ ಕೀಪರ್. ನನ್ನ ಕಷ್ಟ ಉಲ್ಟಾ. ದಪ್ಪಗಿದ್ದೆ ಅಂತ ಹನ್ನೊಂದನೇ ವಯಸ್ಸಿನಲ್ಲಿ ಗೋಲ್ ಪೋಸ್ಟಿನಲ್ಲಿ ನಿಲ್ಲಿಸಿದರು. "ನೀನು ನಿಂತರೆ ಗೋಲೇ ತುಂಬುತ್ತದೆ" ಎಂದರು. ಓಡಿಸಲೇ ಇಲ್ಲ. ಕೀಪರ್‌ಗೆ ಎಷ್ಟು ಚುರುಕು ಬೇಕು ಅಂತ ಹೇಳುವವರು ಇರಲಿಲ್ಲ. ಭಾರತ ತಂಡದ ಗೋಲ್ ಕೀಪರ್ ಆಗಿದ್ದ ಎ.ಬಿ. ಸುಬ್ಬಯ್ಯ ಅವರ ಹೆಸರು ಹೇಳುವ ಜಿಲ್ಲೆಯಲ್ಲಿ ದಪ್ಪ ಹುಡುಗನನ್ನು ಹುಡುಕಿ ಪ್ಯಾಡ್ ಕಟ್ಟುವುದು ಸರಿಯಾ? ಮೈ ನೋಡಿ ಪೊಸಿಷನ್ ಕೊಡಬೇಡಿ. ಎಲ್ಲಾ ಮಕ್ಕಳನ್ನೂ ಎಲ್ಲಾ ಜಾಗದಲ್ಲಿ ಆಡಿಸಿ ನೋಡಿ. ಎರಡು ವರ್ಷದಲ್ಲಿ ಮೈ ಬದಲಾಗುತ್ತದೆ.

ಪಿಟಿ ಮೇಷ್ಟ್ರು
ಗೋಲಿ ಹೇಳಿದ್ದು ದೊಡ್ಡ ಮಾತು. ನಾನು ಶಾಲೆಯಲ್ಲಿ ಹಾಕಿ ಕಲಿಸುತ್ತೇನೆ, ಹಾಗಾಗಿ ಇನ್ನೊಂದು ಕಡೆಯಿಂದಲೂ ಹೇಳುತ್ತೇನೆ.

14ರ ವಯಸ್ಸಿನ ಇಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ. ಒಬ್ಬನಿಗೆ ಮೀಸೆ ಬಂದಿರುತ್ತದೆ, ಧ್ವನಿ ಒಡೆದಿರುತ್ತದೆ. ಇನ್ನೊಬ್ಬ ಇನ್ನೂ ಮಗು. ಹುಟ್ಟಿದ ವರ್ಷ ಒಂದೇ ಇದ್ದರೂ ಮೈಯ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷದ ಅಂತರ ಇರಬಹುದು. ಟ್ರಯಲ್ಸ್‌ನಲ್ಲಿ ನಮಗೆ ಸಿಗುವುದು ಕೆಲವೇ ನಿಮಿಷ. ಆಗ ಕಣ್ಣಿಗೆ ಬೀಳುವುದು ದೊಡ್ಡ ಹುಡುಗ. ಅವನ ಹೊಡೆತ ಜೋರು, ಓಟ ಜೋರು. ಅವನನ್ನು ಆರಿಸುತ್ತೇವೆ, ಅವನಿಗೆ ಟರ್ಫ್ ಸಿಗುತ್ತದೆ, ಒಳ್ಳೆ ಕೋಚಿಂಗ್ ಸಿಗುತ್ತದೆ. ಸಣ್ಣವನು ಮನೆಗೆ ಹೋಗುತ್ತಾನೆ. 17-18ಕ್ಕೆ ಸಣ್ಣವನು ಎತ್ತರದಲ್ಲೂ ಬಲದಲ್ಲೂ ಸಮ ಆಗಿರುತ್ತಾನೆ. ಅಷ್ಟು ಹೊತ್ತಿಗೆ ಸ್ಟಿಕ್ ಅಟ್ಟದ ಮೇಲೆ ಇಟ್ಟಿರುತ್ತಾನೆ. ಮೈ ಸಣ್ಣದು ಅಂತ ಬುದ್ಧಿಯಿಂದ ಆಡಲು ಕಲಿತ ಹುಡುಗರನ್ನು ನಾವು ಹೀಗೆ ಕಳೆದುಕೊಳ್ಳುತ್ತಾ ಇದ್ದೇವೆ. ನನಗೆ ಇದು ನಿಜಕ್ಕೂ ಸಂಕಟ ಕೊಡುತ್ತದೆ.

ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳಲ್ಲಿ ಕೆಲವು ಪಂದ್ಯಗಳನ್ನು ವಯಸ್ಸಿನ ಬದಲು ಬೆಳವಣಿಗೆಯ ಹಂತ ನೋಡಿ ಆಡಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇಷ್ಟು ಹಾಕಿ ಇದೆ, ಬೇಸಿಗೆ ಶಿಬಿರಗಳಲ್ಲಾದರೂ ಹಾಗೆ ಮಾಡಿ ನೋಡಬಹುದಲ್ವಾ?

ಬೆಂಗಳೂರು ಕೊಡಗು
ಮೇಷ್ಟ್ರೇ, ವಯಸ್ಸು ಮುಚ್ಚಿಟ್ಟು ಬರುವವರ ವಿಷಯವನ್ನೂ ಹೇಳಿ. 17ರವನು 14ರ ಸರ್ಟಿಫಿಕೇಟ್ ತಂದು ಆಡಿದರೆ ಪ್ರಾಮಾಣಿಕ ಮಕ್ಕಳು ಸಣ್ಣಗೇ ಕಾಣುತ್ತಾರೆ.

ಪಿಟಿ ಮೇಷ್ಟ್ರು
ಅದೂ ಇದೆ. ಅನುಮಾನ ಬಂದರೆ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. ಆದರೆ ಬೇಗ ಬೆಳೆದ ಹುಡುಗನ ಮೂಳೆಯೂ ಮುಂದೆ ಇರುತ್ತದೆ. ಸುಳ್ಳು ಹೇಳದ ಹುಡುಗನನ್ನು ಬರೀ ಮೀಸೆ ನೋಡಿ ಅನುಮಾನಿಸಬಾರದು.

ಅಡುಗೆ ಮನೆ
ಎಲ್ಲರೂ ಮೂಳೆ, ಮೀಸೆ ಅಂತಿದ್ದೀರಿ. ಆ ಅಮ್ಮ ಏನು ಕೊಡಬೇಕು ಅಂತ ಕೇಳಿದ್ದಾರೆ!

ನಮ್ಮ ಮನೆಯಲ್ಲಿ ಇಬ್ಬರು ಆಡುವ ಮಕ್ಕಳು. ನಾನು ಮಾಡುವುದು ಹೀಗೆ. ಬೆಳಿಗ್ಗೆ ಪ್ರಾಕ್ಟೀಸ್‌ಗೆ ಹೊರಡುವ ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಖಾಲಿ ಹೊಟ್ಟೆಯಲ್ಲಿ ಕಳಿಸುವುದೇ ಇಲ್ಲ. ಬಂದ ತಕ್ಷಣ, ಸ್ನಾನಕ್ಕೆ ಹೋಗುವ ಮುಂಚೆಯೇ ಎರಡು ಬೇಯಿಸಿದ ಮೊಟ್ಟೆ. ಆಮೇಲೆ ಅಕ್ಕಿ ರೊಟ್ಟಿ ಇಲ್ಲವೇ ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ), ಜೊತೆಗೆ ಕಡಲೆ ಕರಿ ಅಥವಾ ಕೋಳಿ. ಶಾಲೆಗೆ ಡಬ್ಬಿಯಲ್ಲಿ ಹುರಿದ ಕಡಲೆಬೀಜ, ಬೆಲ್ಲ. ಬೆಣ್ಣೆಹಣ್ಣಿನ ಕಾಲದಲ್ಲಿ ಸಂಜೆ ಬೆಣ್ಣೆಹಣ್ಣು, ಹಾಲು, ಬೆಲ್ಲ ಹಾಕಿ ಕಲಸಿ ಕೊಡುತ್ತೇನೆ. ತೋಟದಲ್ಲೇ ಬಿದ್ದು ಕೊಳೆಯುತ್ತದೆ, ಅದನ್ನು ಬಿಟ್ಟು ಡಬ್ಬಕ್ಕೆ ದುಡ್ಡು ಯಾಕೆ? ರಾತ್ರಿ ಅನ್ನ, ಸಾರು, ಮೀನು ಅಥವಾ ಬೇಳೆ, ಮೊಸರು. ವಾರಕ್ಕೆರಡು ದಿನ ರಾಗಿ.

ನಾಪೋಕ್ಲು ಎಕ್ಸ್‌ಪ್ರೆಸ್
ಪಂದಿ ಕರಿ ಎಲ್ಲಿ ಅಕ್ಕ?

ಅಡುಗೆ ಮನೆ
ಭಾನುವಾರ ಇದ್ದೇ ಇರುತ್ತದೆ ತಮ್ಮಾ. ಕೊಬ್ಬಿನ ತುಂಡು ಕಡಿಮೆ, ಮಾಂಸದ ತುಂಡು ಜಾಸ್ತಿ ಹಾಕಿ ಬಡಿಸುತ್ತೇನೆ. ಮ್ಯಾಚ್ ದಿನ ಬೆಳಿಗ್ಗೆ ಮಾತ್ರ ಕೊಡಲ್ಲ. ಹೊಟ್ಟೆ ಭಾರ ಆಗುತ್ತದೆ, ಓಡೋಕಾಗಲ್ಲ.

ಮಕ್ಕಳ ಡಾಕ್ಟರ್, ಮೈಸೂರು
ಅಡುಗೆ ಮನೆಯವರ ಪಟ್ಟಿಗೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯ ಪ್ರಕಾರ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 2860 ಕಿಲೋಕ್ಯಾಲರಿ ಬೇಕು, ಹುಡುಗಿಗೆ 2400. ದಿನಾ ಎರಡು ಹೊತ್ತು ಪ್ರಾಕ್ಟೀಸ್ ಮಾಡುವ ಮಗುವಿಗೆ ಇನ್ನೂ ಹೆಚ್ಚು. ತುಂಬಾ ಮಕ್ಕಳು ಇಲ್ಲೇ ಸೋಲುತ್ತಾರೆ. ಅವರು ತಿನ್ನುವುದು ಕಡಿಮೆ ಅಂತ ಅಲ್ಲ, ಓಡುವುದಕ್ಕೆ ಸಾಕಾಗುವಷ್ಟು ತಿನ್ನುವುದಿಲ್ಲ. ಒಂದೇ ಸಲ ತಟ್ಟೆ ತುಂಬಿಸುವ ಬದಲು ಐದಾರು ಸಲ ಕೊಡಿ.

ಪ್ರೋಟೀನ್: ಆಡುವ ಮಕ್ಕಳಿಗೆ ಕೆಜಿ ತೂಕಕ್ಕೆ ಒಂದೂವರೆ ಗ್ರಾಂ ಅಂತ ಇಟ್ಟುಕೊಂಡರೆ ಈ ಹುಡುಗನಿಗೆ ದಿನಕ್ಕೆ 60 ಗ್ರಾಂ ಸುಮಾರು. ಒಂದು ಮೊಟ್ಟೆಯಲ್ಲಿ 6, ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಹಿಡಿಯಷ್ಟು ಮಾಂಸ ಅಥವಾ ಮೀನಿನಲ್ಲಿ 20 ದಾಟುತ್ತದೆ, 50 ಗ್ರಾಂ ಕಡಲೆಬೀಜದಲ್ಲಿ 12. ಮನೆ ಊಟದಲ್ಲೇ ಮುಗಿಯಿತು. ತೂಕ ಹೆಚ್ಚಿಸುವ ಪುಡಿಗಳಲ್ಲಿ ದೊಡ್ಡ ಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಕರಗುವ ಪಿಷ್ಟ. ಅದಕ್ಕೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು ಭಯ ಕಲಬೆರಕೆ. ಎಲ್ಲಿ ತಯಾರಾಯಿತು ಅಂತ ಗೊತ್ತಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಸೇರಿದ್ದರೆ ಬೆಳೆಯುವ ಮೂಳೆಯ ತುದಿಗಳು ಬೇಗ ಮುಚ್ಚಿಕೊಳ್ಳಬಹುದು. ಆಮೇಲೆ ಎತ್ತರ ಬರುವುದಿಲ್ಲ. ದೊಡ್ಡ ಪಂದ್ಯಗಳಿಗೆ ಹೋದಾಗ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅಪಾಯ ಬೇರೆ.

ಮತ್ತೆ ಬೆಲ್ಲದ ಕಾಪಿ. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಊಟದ ಜೊತೆಗೇ ಕೊಡುತ್ತೇವೆ. ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಮಾಡುತ್ತವೆ. ಸಂಜೆಯ ಕಾಪಿ ನಿದ್ದೆಯನ್ನೂ ಕೆಡಿಸುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ.

ಕಾಫಿ ತೋಟ
ಕೊಡಗಿನಲ್ಲಿ ಕುಳಿತು ಕಾಪಿ ಬೇಡ ಅನ್ನೋದು ಕಷ್ಟ ಡಾಕ್ಟ್ರೇ. ಮೊಮ್ಮಗನಿಗೆ ಊಟ ಆಗಿ ಒಂದೆರಡು ಗಂಟೆ ಬಿಟ್ಟು ಅರ್ಧ ಲೋಟ ಕೊಟ್ಟರೆ ಆಗುತ್ತದಾ?

ಮಕ್ಕಳ ಡಾಕ್ಟರ್, ಮೈಸೂರು
ಬೆಳಗಿನ ಹೊತ್ತು, ಹಾಲು ಜಾಸ್ತಿ ಹಾಕಿ, ಆಗಲಿ. ಸಂಜೆ ಬೇಡ.

ಹಾಸ್ಟೆಲ್ ಹುಡುಗಿ
ಇಷ್ಟು ಹೊತ್ತು ಎಲ್ಲರೂ ಹುಡುಗರ ಬಗ್ಗೆಯೇ ಮಾತಾಡಿದಿರಿ. ನಾನು ಒಂದು ಕ್ರೀಡಾ ಹಾಸ್ಟೆಲ್‌ನಲ್ಲಿ ಇದ್ದು ಆಡಿದವಳು, ಈಗ ಕಾಲೇಜು ತಂಡದಲ್ಲಿ ಇದ್ದೇನೆ. ಹುಡುಗರಿಗೆ "ತೂಕ ಹಾಕು" ಅಂತಾರೆ, ನಮಗೆ "ತೂಕ ಇಳಿಸು" ಅಂತಾರೆ. 13ರಲ್ಲಿ ನನ್ನ ಸೊಂಟ, ತೊಡೆ ಸ್ವಲ್ಪ ತುಂಬಿಕೊಂಡಿತು. ಅದು ಹುಡುಗಿಯರಿಗೆ ಆಗಲೇಬೇಕಾದ ಬೆಳವಣಿಗೆ ಅಂತ ಯಾರೂ ಹೇಳಲಿಲ್ಲ. ಎಲ್ಲರ ಮುಂದೆ ತೂಕ ನೋಡಿ ಜೋರಾಗಿ ಓದುತ್ತಿದ್ದರು. ನಾನು ರಾತ್ರಿ ಊಟ ಬಿಟ್ಟೆ. ತೂಕ ಇಳಿಯಿತು, "ಗುಡ್" ಅಂದರು. ಆಮೇಲೆ ಮುಟ್ಟು ನಿಂತಿತು. ಓಡುವಾಗ ಉಸಿರು ಸಾಲುತ್ತಿರಲಿಲ್ಲ. ಕಣಕಾಲಿನ ಮೇಲೆ ಮೂಳೆ ಬಿರುಕು ಬಿಟ್ಟು ಒಂದು ಸೀಸನ್ ಪೂರ್ತಿ ಹೋಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.

ಆ ಹಾಸ್ಟೆಲ್ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ತಂದೆ-ತಾಯಂದಿರು ದಯವಿಟ್ಟು ಮಗಳನ್ನು ಕೇಳಿ: ಊಟ ಮಾಡ್ತಾ ಇದ್ದೀಯಾ, ಮುಟ್ಟು ಸರಿಯಾಗಿ ಆಗ್ತಾ ಇದೆಯಾ ಅಂತ. ನಾಚಿಕೆ ಪಟ್ಟುಕೊಂಡು ಸುಮ್ನೆ ಇರಬೇಡಿ.

ಸಿದ್ದಾಪುರ ಅಪ್ಪ
ಓದಿ ಹೊಟ್ಟೆ ಕಿವುಚಿತು ಮಗಳೇ. ಇವತ್ತೇ ನಮ್ಮವಳ ಜೊತೆ ಮಾತಾಡಲು ಅವಳಮ್ಮನಿಗೆ ಹೇಳುತ್ತೇನೆ. ನಾನೂ ಕೇಳುತ್ತೇನೆ.

ಮಕ್ಕಳ ಡಾಕ್ಟರ್, ಮೈಸೂರು
ಈ ಹುಡುಗಿ ಬರೆದದ್ದನ್ನು ಪ್ರತಿ ಕೋಚ್ ಓದಬೇಕು. ಓಡುವುದಕ್ಕೆ ತಕ್ಕಷ್ಟು ಊಟ ಇಲ್ಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸೊರಗುತ್ತದೆ. ಮೂರು ತಿಂಗಳು ಮುಟ್ಟು ಬರದಿದ್ದರೆ, 15 ತುಂಬಿದರೂ ಶುರುವಾಗದಿದ್ದರೆ ವೈದ್ಯರಿಗೆ ತೋರಿಸಿ. "ಆಟ ಆಡುವವರಿಗೆ ಹಾಗೇ" ಅಂತ ಬಿಡಬೇಡಿ. 12ರ ಮೇಲಿನ ಹುಡುಗಿಯರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ, ವರ್ಷಕ್ಕೆರಡು ಸಲ ಕೊಡುವ ಜಂತುಹುಳದ ಮಾತ್ರೆ, ಎರಡನ್ನೂ ನುಂಗಿಸಿ. ಬ್ಯಾಗಿನಲ್ಲಿ ಹಾಗೇ ಉಳಿಯುವುದು ಜಾಸ್ತಿ.

ಪಿಟಿ ಮೇಷ್ಟ್ರು
ತೂಕವನ್ನು ಎಲ್ಲರ ಮುಂದೆ ಓದುವುದು ನಿಲ್ಲಬೇಕು. ಒಬ್ಬೊಬ್ಬರನ್ನೇ ಕರೆದು ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು?

ಬೆಂಗಳೂರು ಕೊಡಗು
ಸ್ವಲ್ಪ ಬೇರೆ ವಿಷಯ. ಕೊಡವ ಮನೆತನಗಳ ನಡುವೆ ನಡೆಯುವ ಕೌಟುಂಬಿಕ ಹಾಕಿಯಲ್ಲಿ ಈ ವಯಸ್ಸಿನ ಮಕ್ಕಳನ್ನು ದೊಡ್ಡವರ ಜೊತೆ ಇಳಿಸುವುದು ಸರಿಯಾ? ನಮ್ಮ ಒಕ್ಕದ (ಮನೆತನದ) ತಂಡದಲ್ಲಿ ಜನ ಕಡಿಮೆ, ತಮ್ಮನ ಮಗನನ್ನು ಆಡಿಸೋಣ ಅಂತಾರೆ. ಅವನಿಗೆ 13.

ನಾಪೋಕ್ಲು ಎಕ್ಸ್‌ಪ್ರೆಸ್
ಆಡಿಸಿ ಅಣ್ಣ! ಅದೇ ಅಲ್ವಾ ಆ ಹಬ್ಬದ ಚೆಂದ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ತಂಡದಿಂದ ಶುರು ಮಾಡಿದ್ದು, 2024ರಲ್ಲಿ ನಮ್ಮ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದು ಇನ್ನೆಲ್ಲಿದೆ?

ಫುಲ್‌ಬ್ಯಾಕ್
ಆಡಿಸಿ, ಆದರೆ ಯೋಚನೆ ಮಾಡಿ ಆಡಿಸಿ. ಮೊದಲ ಸುತ್ತಿನಲ್ಲಿ ಫಾರ್ವರ್ಡ್‌ನಲ್ಲಿ ಸ್ವಲ್ಪ ಹೊತ್ತು ಬಿಡಿ. ಪೆನಾಲ್ಟಿ ಕಾರ್ನರ್ ಡಿಫೆಂಡ್ ಮಾಡಲು ನಿಲ್ಲಿಸಬೇಡಿ. ಶಿನ್‌ಗಾರ್ಡ್, ಮೌತ್‌ಗಾರ್ಡ್ ಇಲ್ಲದೆ ಇಳಿಸಲೇಬೇಡಿ. 160 ಗ್ರಾಂ ಬಾಲ್ ಹಲ್ಲಿಗೆ ಬಡಿದರೆ ಒಕ್ಕದ ಹೆಸರು ಉಳಿಸಿದ ಸಂತೋಷ ಇರುವುದಿಲ್ಲ.

ಸೋಮವಾರಪೇಟೆ ಸ್ಟಿಕ್
ಪೊನ್ನಂಪೇಟೆ ಅಮ್ಮ, ಒಂದು ಮಾತು ಕೇಳಬೇಕಿತ್ತು. ಮಗ 8 ಸೆಂಟಿಮೀಟರ್ ಬೆಳೆದ ಅಂದಿರಿ, ಸ್ಟಿಕ್ ಬದಲಾಯಿಸಿದಿರಾ?

ಪೊನ್ನಂಪೇಟೆ ಅಮ್ಮ
ಇಲ್ಲ. ಅದೇ ಹಳೆಯ 35 ಇಂಚಿನದು. ಈಗೀಗ ಟ್ರ್ಯಾಪಿಂಗ್ (ಬರುವ ಬಾಲನ್ನು ಸ್ಟಿಕ್ಕಿನಿಂದ ತಡೆದು ನಿಲ್ಲಿಸೋದು) ತಪ್ಪುತ್ತಿದೆ, ಡ್ರಿಬಲ್ ಮಾಡುವಾಗ ಎಡವುತ್ತಾನೆ. ಗಮನ ಇಲ್ಲ ಅಂತ ನಾವು ಬೈಯ್ಯುತ್ತಿದ್ದೆವು.

ಸೋಮವಾರಪೇಟೆ ಸ್ಟಿಕ್
ಬೈಯ್ಯಬೇಡಿ. ಒಂದು ಇಂಚು ದೊಡ್ಡದು ಕೈಗೆ ಕೊಟ್ಟು ನೋಡಿ. ಸ್ಟಿಕ್ ಚಿಕ್ಕದಾದರೆ ಬೆನ್ನು ಜಾಸ್ತಿ ಬಗ್ಗಿಸಬೇಕು. ಹಾಗಂತ "ಇನ್ನೂ ಬೆಳೀತಾನೆ" ಅಂತ ಒಂದೇ ಸಲ ಉದ್ದದ್ದು ತರಬೇಡಿ, ಕೈ ತಿರುಗಿಸೋಕೆ ಕಷ್ಟ ಆಗುತ್ತದೆ. ಹೊಸದೇ ಬೇಕಾಗಿಲ್ಲ, ಸೀನಿಯರ್ ಹುಡುಗರ ಹತ್ತಿರ ಹಳೆಯದು ಕೇಳಿ. ಭಾರ ಕಡಿಮೆ ಇರಲಿ.

ಫಿಸಿಯೋ ಅಕ್ಕ
ಎಡವುವುದಕ್ಕೂ ಕಾರಣ ಇದೆ. ಕೈಕಾಲು ಬೇಗ ಉದ್ದ ಆದಾಗ ಮೆದುಳಿಗೆ ಹೊಸ ಅಳತೆ ಹೊಂದಿಸಿಕೊಳ್ಳಲು ಕೆಲವು ತಿಂಗಳು ಬೇಕು. ಚೆನ್ನಾಗಿ ಆಡುತ್ತಿದ್ದವನು ದಿಢೀರ್ ಒರಟಾಗಿ ಆಡುತ್ತಾನೆ. ಇದೇ ಹೊತ್ತಿನಲ್ಲಿ ತಂಡದಿಂದ ತೆಗೆದುಬಿಡುತ್ತಾರೆ, ಅದೇ ಬೇಸರ. ಸ್ಕಿಪ್ಪಿಂಗ್, ಒಂಟಿ ಕಾಲಲ್ಲಿ ನಿಲ್ಲುವುದು, ಮೆಲ್ಲಗೆ ಮಾಡುವ ಸ್ಟಿಕ್ ಅಭ್ಯಾಸ ದಿನಾ ಸ್ವಲ್ಪ ಮಾಡಿಸಿ. ಬರುತ್ತದೆ.

ಪೊನ್ನಂಪೇಟೆ ಅಮ್ಮ
ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಾ ಓದಿಸಿದೆ. ಮಂಡಿ ಒತ್ತಿ ನೋಡಿದೆ, ಫಿಸಿಯೋ ಅಕ್ಕ ಹೇಳಿದ ಜಾಗದಲ್ಲೇ ನೋವು. ಸೋಮವಾರ ತೋರಿಸುತ್ತೇವೆ. ಪುಡಿ ತರುವುದಿಲ್ಲ ಅಂತ ಅವನೇ ಒಪ್ಪಿದ. ಟ್ರಯಲ್ಸ್‌ಗೆ ಇರುವ ತೂಕದಲ್ಲೇ ಹೋಗಲಿ. ಆ ಕೋಚ್‌ಗೆ ಏನು ಹೇಳಲಿ ಅನ್ನೋದೊಂದು ಉಳಿದಿದೆ.

ಪಿಟಿ ಮೇಷ್ಟ್ರು
ಹೋದ ವರ್ಷದ ಮತ್ತು ಈ ವರ್ಷದ ಎತ್ತರ, ತೂಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ವರ್ಷಕ್ಕೆ 8 ಸೆಂಟಿಮೀಟರ್ ಬೆಳೀತಾ ಇದ್ದಾನೆ ಸರ್, ಮೈ ತುಂಬಿಕೊಳ್ಳುವುದು ಇನ್ನು ಮುಂದೆ ಅಂತ ಡಾಕ್ಟರ್ ಹೇಳಿದರು" ಅನ್ನಿ. ಒಳ್ಳೆಯ ಕೋಚ್ ಆದರೆ ಆ ಹಾಳೆ ನೋಡುತ್ತಾರೆ. ಈ ಸಲ ಆಗದಿದ್ದರೆ ಮುಂದಿನ ವರ್ಷ ಮತ್ತೆ ಕರೆದುಕೊಂಡು ಹೋಗಿ. ಕೂಡಿಗೆ, ಮಡಿಕೇರಿ, ಪೊನ್ನಂಪೇಟೆ ಮೂರು ಕಡೆಯ ಕ್ರೀಡಾ ಹಾಸ್ಟೆಲ್‌ಗಳಲ್ಲೂ ಕೇಳಿ. ಒಂದೇ ಬಾಗಿಲು ನಂಬಿಕೊಳ್ಳಬೇಡಿ.

ಅಡುಗೆ ಮನೆ
ಟ್ರಯಲ್ಸ್ ದಿನ ಬೆಳಿಗ್ಗೆ ಎರಡು ಮೂರು ಗಂಟೆ ಮುಂಚೆ ಇಡ್ಲಿ ಅಥವಾ ನೂಲ್‌ಪುಟ್ಟು ಕೊಡಿ, ಎಣ್ಣೆಯದು ಬೇಡ. ಸರದಿ ಬರೋಕೆ ಮಧ್ಯಾಹ್ನ ಆಗಬಹುದು, ಬ್ಯಾಗಲ್ಲಿ ನಾಲ್ಕು ಬಾಳೆಹಣ್ಣು, ನೀರು ಇಟ್ಟು ಕಳಿಸಿ.